ಬಾಗದ ಸೊಂಟ, ಹೊತ್ತ ಹರಕೆ

ಹರಕೆ ಹೊತ್ತವಳ ಸೊಂಟವೇ ಬಾಗದಿದ್ದರೆ ಏನು ಮಾಡಬೇಕು, ಭಕ್ತರೇ, ನೀವೇ ಹೇಳಿ. ನಾನು ಮಸೂತಿ ಊರಿನ ನೀಲವ್ವ, ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ದೀಪಾವಳಿ ಹೊತ್ತಿಗೆ ಮಗಳು ಸಾವಿತ್ರಿ ದಿನ ತುಂಬುವ ಮೊದಲೇ ಹೆತ್ತಳು. ವಿಜಯಪುರದ ಆಸ್ಪತ್ರೆಯಲ್ಲಿ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. "ಹಣಮಪ್ಪಾ, ಇದನ್ನ ಉಳಿಸು, ಶ್ರಾವಣದಾಗ ಊರ ಅಗಸಿ ಬಾಗಿಲಿಂದ ನಿನ್ನ ಗುಡಿತನಕ ದೀಡ ನಮಸ್ಕಾರ ಹಾಕ್ತೇನಿ" ಎಂದು ಬೇಡಿಕೊಂಡೆ. ಕೂಸು ಉಳಿಯಿತು. ಸಂಕ್ರಾಂತಿ ಮುಗಿದ ಮೇಲೆ, ಅನ್ನದ ಬೋಗುಣಿ ಇಳಿಸುವಾಗ ನನ್ನ ಸೊಂಟ ಹಿಡಿದುಕೊಂಡಿತು.

ದೀಡ ನಮಸ್ಕಾರವೆಂದರೆ ನೆಲಕ್ಕೆ ಉದ್ದಕ್ಕೂ ಬೋರಲು ಮಲಗಿ ಕೈ ಮುಗಿಯಬೇಕು, ಬೆರಳು ಮುಟ್ಟಿದಲ್ಲಿ ಗೆರೆ ಎಳೆಸಿ, ಎದ್ದು, ಆ ಗೆರೆಯಿಂದ ಮತ್ತೆ ಮಲಗಬೇಕು. ನಾನೋ ಬಿದ್ದ ಸೌಟು ಎತ್ತಲಾರೆ.

ಓಣಿಯ ಅಜ್ಜಿ ಎಣ್ಣೆ ಹಚ್ಚಿ ತಿಕ್ಕಿದಳು. ತಿಕ್ಕುವಷ್ಟು ಹೊತ್ತು ಹಿತ, ಬಿಸಿ ಆರಿದರೆ ಸೊಂಟ ಮತ್ತೆ ಹಲಗೆ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟ ಹಿಡಿದ ಚಳಕು ಬಿಡುತ್ತದೆ ಎನ್ನುತ್ತಾರಲ್ಲ, ಅಂಥವಳೊಬ್ಬಳು ಝಳಕಿಯಲ್ಲಿದ್ದಾಳೆಂದು ಹೋಗಿ ಒದೆಸಿಕೊಂಡೂ ಬಂದೆ. ಪಾಪ, ಒದ್ದವಳೇ ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ಯಂಕಂಚಿಯಲ್ಲಿ ಪೈಲವಾನರೊಬ್ಬರು ಕಾಲು ಮಡಚಿ ತಿರುವಿ ಲಟಕ್ಕೆನಿಸಿದರು. ಎದ್ದಾಗ ಮೈ ಹಗುರಾಗಿತ್ತು. ಮರಳುವ ಬಸ್ಸಿನಲ್ಲಿ ಸೀಟಿನಿಂದ ಏಳಲಾಗಲಿಲ್ಲ, ಕಂಡಕ್ಟರು ರಟ್ಟೆ ಹಿಡಿದು ಇಳಿಸಿದ.

ಅಷ್ಟರಲ್ಲಿ ಇನ್ನೊಂದು ಭಯ ಹುಟ್ಟಿತು. ಕೂಸು ಬೋರಲು ಹೊರಳಿ ಡಬ್ಬ ಬೀಳುತ್ತಿರಲಿಲ್ಲ, ಇಟ್ಟಲ್ಲೇ ಅಂಗಾತ ಮಲಗಿರುತ್ತಿತ್ತು. ಹೊತ್ತಿಗೆ ಮೊದಲೇ ಹುಟ್ಟಿದ ಕೂಸು, ತಡವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಪಕ್ಕದ ಮನೆಯಾಕೆ ಮಾತ್ರ, "ಹರಕಿ ಬಾಕಿ ಇಟ್ಟೀರೇನ್ರಿ ನೀಲಕ್ಕ?" ಎಂದಳು. ಆ ಮಾತು ಎದೆಗೆ ನಾಟಿತು. ನನ್ನ ಸೊಂಟದ ಪಾಪ ಕೂಸಿಗೆ ತಟ್ಟಿತೆಂದು ಅತ್ತೆ.

ಕೊನೆಗೆ ಸಾವಿತ್ರಿ ನನ್ನನ್ನು ಬಾಗೇವಾಡಿಗೆ ಫಿಜಿಯೋಥೆರಪಿ ಮಾಡುವ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು.

"ಡಬ್ಬ ಮಲಗ್ರಿ, ಅವ್ವಾರ."

"ಅದ ಆಗಂಗಿಲ್ರಿ. ಅದಕ್ಕ ಬಂದೇನಿ."

ಆಕೆ ನನ್ನ ಹೊಟ್ಟೆಯ ಕೆಳಗೆ ದಿಂಬು ಕೊಟ್ಟು ಮೆಲ್ಲಗೆ ಮಲಗಿಸಿದಳು. ಹೆಬ್ಬೆರಳಿನಿಂದ ಬೆನ್ನೆಲುಬಿನ ಗಂಟುಗಳನ್ನು ಒಂದೊಂದಾಗಿ ಒತ್ತುತ್ತ ಬಂದಳು. ಲಟಕ್ ಇಲ್ಲ, ಒದೆತವಿಲ್ಲ. ಆಮೇಲೆ ದಿಂಬು ತೆಗೆದು, ಮೊಣಕೈ ಊರಿ ಎದೆ ಎತ್ತಲು ಹೇಳಿದಳು. ಆ ಭಂಗಿಯಲ್ಲೇ ಅಳು ಬಂತು. ಹರಕೆಯ ಕಥೆಯನ್ನೆಲ್ಲ ಹೇಳಿಬಿಟ್ಟೆ.

"ಹಂಗಾದ್ರ ದಿನಾ ಮನ್ಯಾಗ ಹಿಂಗ ಮಲಗ್ರಿ. ನಿಮಗ ಔಷಧಾನೂ ಅದ, ನಮಸ್ಕಾರಾನೂ ಅದ" ಎಂದಳು.

ನಂಬಿಕೆ ಬರಲಿಲ್ಲ. ಆದರೂ ದಿನಾ ಬೆಳಗ್ಗೆ ಕೂಸಿನ ಪಕ್ಕ ಚಾಪೆ ಹಾಸಿ, ಗುಡಿಯ ಕಡೆ ತಲೆಯಿಟ್ಟು ಬೋರಲು ಮಲಗಿದೆ. ನೋವಾದಾಗ ಹಣಮಪ್ಪನನ್ನು ಬೈದೆ ಕೂಡ.

ಒಂದು ಬೆಳಗ್ಗೆ ಹಾಗೆಯೇ ಮಲಗಿದ್ದೆ. ಕೂಸು ನನ್ನನ್ನೇ ನೋಡುತ್ತಿತ್ತು. ಹೊರಳಿತು. ಮೈಯಡಿ ಸಿಕ್ಕ ಕೈಯನ್ನು ಎಳೆದುಕೊಳ್ಳಲು ಮುಲುಗಿತು. ಎತ್ತಿಕೊಳ್ಳೋಣವೆಂದರೆ ನಾನು ಥಟ್ಟನೆ ಏಳಲಾರೆ, ಸುಮ್ಮನೆ ನೋಡುತ್ತ ಬಿದ್ದಿದ್ದೆ. ಕೈ ಹೊರಬಂತು. ಕೂಸು ಪೂರ್ತಿ ಡಬ್ಬ ಬಿದ್ದು ತಲೆಯೆತ್ತಿ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಸಾವಿತ್ರಿ ಓಡಿಬಂದು ಕೂಸನ್ನು ಎತ್ತಿಕೊಂಡಳು.

ಶ್ರಾವಣದ ಹೊತ್ತಿಗೆ ಸೊಂಟ ಬಾಗತೊಡಗಿತು, ಹರಕೆ ತೀರಿಸಿದೆ. ಗೆರೆ ಎಳೆದವಳು ಸಾವಿತ್ರಿ. ನಡುನಡುವೆ ಕೂತು ಸುಧಾರಿಸಿಕೊಂಡೆ, ಹಣಮಪ್ಪ ಅವಸರ ಮಾಡಲಿಲ್ಲ. ಈಗಲೂ ಬೆಳಗ್ಗೆ ಸೊಂಟ ಬಿಗಿಯುತ್ತದೆ, ಚಾಪೆ ಹಾಸುತ್ತೇನೆ. ಹಣಮಪ್ಪ ತಂದೆಯೇ, ನೀನು ಉಳಿಸಿಕೊಟ್ಟ ಕೂಸು ಆ ಚಾಪೆಯ ಮೇಲೆ ಈಗ ನನಗೇ ಜಾಗ ಬಿಡುವುದಿಲ್ಲ.