ಮೀಸೆ ಇರುವ ಹೆಜ್ಜೆಗಳು

"ನಾಳೆ ಹತ್ತು ಗಂಟೆಗೆ ನಿಮ್ಮ ಹೆಂಡತಿಗೆ ಆನ್‌ಲೈನ್ ಕೋಚ್ ಸಿಗ್ತಾರೆ" ಎಂದು ಆಸ್ಪತ್ರೆಯವರು ಹೇಳಿದ್ದೇ ತಡ, ಪಾರ್ಸಲ್ ಹಂಚುವ ಕೆಲಸದ ಆ ಯುವಕ ಮಾರನೇ ಬೆಳಿಗ್ಗೆ ಎದ್ದವನೇ ಮಂಚವನ್ನು ಗೋಡೆಗೆ ತಳ್ಳಿ ಜಾಗ ಮಾಡಿದ. ಕೋಚ್ ಎಂದರೆ ಕೊರಳಲ್ಲಿ ಸೀಟಿ, ತೋಳಲ್ಲಿ ಗಡ್ಡೆಗಡ್ಡೆ ಸ್ನಾಯು ಇರುವ ಗಂಡಸು, ಬಾಗಿಲು ತಟ್ಟಿಕೊಂಡು ಬರುತ್ತಾನೆ ಎಂದೇ ಅವನ ನಂಬಿಕೆ. ಆನ್‌ಲೈನ್ ಎಂಬ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಬಂದವನ ಎದುರು ತಾನು ಕಡ್ಡಿ ಪೈಲ್ವಾನನಂತೆ ಕಾಣಬಾರದೆಂದು ಹತ್ತು ದಂಡ ಹೊಡೆಯಲು ಹೋದ. ಏಳನೆಯದಕ್ಕೆ ಸೊಂಟ ಹಿಡಿದುಕೊಂಡಿತು.

ಹತ್ತು ಗಂಟೆಗೆ ಬಾಗಿಲು ಸದ್ದಾಗಲಿಲ್ಲ, ಫೋನ್ ಸದ್ದಾಯಿತು. ಪರದೆಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಮೇಜಿನ ಮೇಲೆ ಏನನ್ನೋ ತಡಕಾಡುತ್ತಿದ್ದರು.

"ಕನ್ನಡಕ ತಲೆ ಮೇಲಿದೆ," ಎಂದ ಇವನು.

"ಹೌದಲ್ಲ! ಅದಿರಲಿ, ನೀನ್ಯಾಕಪ್ಪ ಹೀಗೆ ಬಾಗಿದೀಯ? ಬಸುರಿ ನೀನೋ, ಅವಳೋ?"

ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದು ನಿವೃತ್ತರಾದವರು ಅವರು. ಎಲ್ಲರ ಬಾಯಲ್ಲೂ ಸಿಸ್ಟರಮ್ಮ. ಈಗ ಮಂಡಿ ಕೈಕೊಟ್ಟಿದೆ, ಬಾಯಿ ಕೈಕೊಟ್ಟಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೂತು ಇಪ್ಪತ್ತಾರು ಬಸುರಿಯರನ್ನು ಫೋನಿನಲ್ಲೇ ನಡೆಸುತ್ತಾರೆ. ಅವರ ಪಾಠ ಉದ್ದದ್ದೇನಲ್ಲ. "ನಡೀತಾ ಮಾತಾಡೋಕಾಗಬೇಕು. ಏದುಸಿರು ಬಂದ್ರೆ ನಿಧಾನ ಮಾಡು. ಹಾಡು ಹೇಳೋಕಾಗ್ತಿದ್ರೆ ಕಳ್ಳಾಟ ಆಡ್ತಿದೀಯ ಅಂತ ಅರ್ಥ. ಇಬ್ಬರಿಗಾಗೋಷ್ಟು ತಿನ್ನು ಅಂತ ಯಾರಾದ್ರೂ ಅಂದ್ರೆ ನನ್ನ ನಂಬರ್ ಕೊಡು."

ಇವನ ಹೆಂಡತಿಗೆ ಐದು ತಿಂಗಳು. ಹೊಲಿಗೆ ಅಂಗಡಿಯಲ್ಲಿ ದಿನಕ್ಕೆ ಎಂಟು ಗಂಟೆ ಮೆಷಿನ್ ಮುಂದೆ ಕೂರುವ ಕೆಲಸ. ತೂಕ ಬೇಕಾದ್ದಕ್ಕಿಂತ ಬೇಗ ಏರುತ್ತಿತ್ತು, ರಕ್ತದ ಸಕ್ಕರೆ ಅಪಾಯದ ಗೆರೆಯ ಹತ್ತಿರ ಬಂದು ನಿಂತಿತ್ತು. ದಿನಾ ನಡೆಯಲೇಬೇಕು ಎಂದು ಆಸ್ಪತ್ರೆಯವರು ಹೆಜ್ಜೆ ಎಣಿಸುವ ಪಟ್ಟಿಯೊಂದನ್ನು ಕೈಗೆ ಕಟ್ಟಿ ಕಳಿಸಿದ್ದರು. ಎಣಿಕೆ ನೇರ ಸಿಸ್ಟರಮ್ಮನ ಫೋನಿಗೆ.

ನಡಿ ಎಂದರೆ ಇವನ ಎದೆ ಧಸಕ್ಕೆನ್ನುತ್ತಿತ್ತು. ಹೋದ ವರ್ಷ ಮೊದಲ ಬಸಿರು ಒಂಬತ್ತನೇ ವಾರಕ್ಕೆ ಹೋಗಿತ್ತು. ಅದರ ಹಿಂದಿನ ದಿನವೇ, ಲಿಫ್ಟಿಗೆ ಕಾಯುವ ತಾಳ್ಮೆಯಿಲ್ಲದೆ, "ನಾಲ್ಕೇ ಮಹಡಿ, ಬಾರೆ" ಎಂದು ಅವಳನ್ನು ಹತ್ತಿಸಿದ್ದವನು ಇವನೇ. ಅದನ್ನು ಯಾರಿಗೂ ಹೇಳಿರಲಿಲ್ಲ, ಮರೆತೂ ಇರಲಿಲ್ಲ.

ಅದಕ್ಕೇ ಪಟ್ಟಿಯನ್ನು ತಾನೇ ಕಟ್ಟಿಕೊಂಡ. "ಮಗು ಇಬ್ಬರದಲ್ವಾ? ಹೊಟ್ಟೆ ನಿಂದು, ಕಾಲು ನಂದು."

"ಸಿಸ್ಟರಮ್ಮನಿಗೆ ಗೊತ್ತಾದ್ರೆ ಎರಡೂ ಕಾಲು ಮುರೀತಾರೆ ಕಣ್ರೀ," ಎಂದು ಅವಳು ನಕ್ಕಳು. ಆದರೆ ಪಟ್ಟಿ ವಾಪಸು ಕೇಳಲಿಲ್ಲ. ಹೆದರಿಕೆ ಅವಳಿಗೂ ಇತ್ತು.

ಹೀಗೆ ಒಂದು ತಿಂಗಳು ಅವನು ಪಾರ್ಸಲ್ ಹೊತ್ತು ಬೀದಿ ಬೀದಿ ಅಲೆದ, ಅವಳು ಕೂತಳು. ಒಂದು ಭಾನುವಾರ ಸಿಸ್ಟರಮ್ಮ ವಿಡಿಯೋ ಕರೆ ಮಾಡಿದರು.

"ಏನಮ್ಮಾ, ದಿನಕ್ಕೆ ಹದಿನೆಂಟು ಸಾವಿರ ಹೆಜ್ಜೆ! ಜೊತೆಗೆ ನಲವತ್ತೊಂದು ಮಹಡಿ! ತೂಕ ನೋಡಿದ್ರೆ ತಿಂಗಳಿಗೆ ನಾಲ್ಕು ಕಿಲೋ ಜಾಸ್ತಿ. ಈ ಹೆಜ್ಜೆಗಳಿಗೆ ಮೀಸೆ ಇರೋ ಹಾಗಿದೆಯಲ್ಲ?"

ಹೆಂಡತಿ ಗಂಡನ ಕಡೆ ನೋಡಿದಳು. ಅವನು ಕೈಯಲ್ಲಿದ್ದ ಪಟ್ಟಿ ಮುಚ್ಚುವಂತೆ ಅಂಗಿ ತೋಳಿನ ಗುಂಡಿ ಹಾಕಿಕೊಂಡ.

"ಮುಚ್ಕೋಬೇಡ, ಬಿಚ್ಚು. ಪಟ್ಟಿ ಅವಳಿಗೆ ಕೊಡು," ಎಂದರು ಸಿಸ್ಟರಮ್ಮ. ಬೈಗುಳ ಅಷ್ಟೇ. "ಊಟ ಆದ್ಮೇಲೆ ಹತ್ತು ನಿಮಿಷ, ಮೂರು ಹೊತ್ತು. ನಾನೂ ಫೋನಲ್ಲಿ ಇರ್ತೀನಿ. ಎಲ್ಲಾದ್ರೂ ನೋವು, ತಲೆಸುತ್ತು, ರಕ್ತ ಕಂಡ್ರೆ ಅಲ್ಲೇ ನಿಲ್ಲಿಸಿ ಸೀದಾ ಆಸ್ಪತ್ರೆಗೆ."

ಮಾರನೇ ದಿನದಿಂದ ಮನೆಯ ಮುಂದಿನ ಉದ್ದ ಮೊಗಸಾಲೆಯಲ್ಲಿ ಅವಳು ನಡೆದಳು, ಜೇಬಿನಲ್ಲಿ ಸಿಸ್ಟರಮ್ಮ ಮಾತಾಡುತ್ತಿದ್ದರು. ಇವನು ಮೊದಲ ವಾರ ಹಿಂದಿನಿಂದ ಎರಡೂ ಕೈ ಚಾಚಿಕೊಂಡು, ಬೀಳುವ ಗಾಜಿನ ಪಾತ್ರೆ ಹಿಡಿಯುವವನಂತೆ ಓಡಾಡಿದ. ಎರಡನೇ ವಾರ ಅವಳು "ನೀವು ಹಿಂದೆ ಬಂದ್ರೆ ನಂಗೆ ನಗು ಬರುತ್ತೆ, ನಗು ಬಂದ್ರೆ ಉಚ್ಚೆ ಬರುತ್ತೆ" ಎಂದು ಓಡಿಸಿದಳು. ಹತ್ತು ನಿಮಿಷ ಹದಿನೈದಾಯಿತು. ಅಂಗಡಿಯಲ್ಲೂ ಗಂಟೆಗೊಮ್ಮೆ ಎದ್ದು ನಿಂತಳು.

ಏಳನೇ ತಿಂಗಳ ತಪಾಸಣೆಯಲ್ಲಿ ಡಾಕ್ಟರು ವರದಿಯನ್ನು ಎರಡು ಸಲ ತಿರುವಿದರು. "ಸಕ್ಕರೆ ಹತೋಟಿಯಲ್ಲಿದೆ, ತೂಕವೂ ಸರಿಯಾಗಿದೆ, ಮಗು ಚೆನ್ನಾಗಿದೆ. ಹೀಗೇ ನಡೀತಿರಿ" ಎಂದರು. ಹೊರಗೆ ಬಂದವನೇ ಬೆಂಚಿನ ಮೇಲೆ ಕುಸಿದು ಕೂತ.

ಹೆಂಡತಿ ಔಷಧಿ ತರಲು ಹೋದಾಗ ಸಿಸ್ಟರಮ್ಮನಿಗೆ ಕರೆ ಮಾಡಿ ವರದಿ ಓದಿ ಹೇಳಿದ. ಅವರು "ಭೇಷ್" ಎಂದರು. ಇವನು ಫೋನ್ ಇಡಲಿಲ್ಲ.

"ಇನ್ನೇನು, ಹೇಳಪ್ಪ."

"ಸಿಸ್ಟರಮ್ಮ... ಮೊದಲನೇದು ಹೋಯ್ತಲ್ಲ. ಅದರ ಹಿಂದಿನ ದಿನ ನಾನೇ ಅವಳನ್ನ ನಾಲ್ಕು ಮಹಡಿ ಹತ್ತಿಸಿದ್ದೆ. ಅದರಿಂದಾನೇ ಹೋಯ್ತಾ?"

"ಅಲ್ಲ. ಅವಳ ಕಡತ ಪೂರ್ತಿ ಓದಿದೀನಿ, ಮೆಟ್ಟಿಲಿಗೂ ಅದಕ್ಕೂ ಸಂಬಂಧ ಇಲ್ಲ. ಮೂಗು ಒರೆಸ್ಕೊಂಡು ಹೋಗಿ ಅವಳ ಜೊತೆ ನಡಿ."