ಸ್ಟೇರಿಂಗ್ ಹಿಡಿಯದವಳು ಆರಿಸಿಕೊಟ್ಟ ಟೈರು

ಬೆಳಗಿನ ಆರೂವರೆ. ಲಡಾಖಿನ ಉಪ್ಶಿಯಲ್ಲಿ ಬಿಸಿಲು ಇನ್ನೂ ಬೆಟ್ಟದ ನೆತ್ತಿಯಿಂದ ಇಳಿದಿಲ್ಲ. ಕುಂಝೆಸ್‌ಳ ಅಂಗಡಿಯ ಮುಂದೆ ಆಗಲೇ ಮೂರು ಪಿಕಪ್ ಗಾಡಿಗಳು ನಿಂತಿವೆ. ಅವಳು ಮೊದಲ ಗಾಡಿಯ ಹಿಂದಿನ ಚಕ್ರದ ಪಕ್ಕ ಮಂಡಿಯೂರಿ, ಕೈಗವಸು ತೆಗೆದು, ಬರಿಗೈಯನ್ನು ಟೈರಿನ ಮೇಲೆ ಮೆಲ್ಲಗೆ ಆಡಿಸುತ್ತಾಳೆ. ರಬ್ಬರಿನ ಹಲ್ಲುಗಳ ನಡುವೆ ಸಿಕ್ಕಿಕೊಂಡ ಒಂದು ಕಲ್ಲನ್ನು ಸ್ಕ್ರೂಡ್ರೈವರಿನಿಂದ ಕಿತ್ತು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾಳೆ.

"ಹಾನ್ಲೆ ಕಡೆ ಹೋಗಿದ್ದೆ ಅಲ್ವಾ?"

"ಇಲ್ಲ ಅಚೆ, ಬರೀ ಲೇಹ್‌ಗೆ ಹೋಗ್ಬಂದೆ ಅಷ್ಟೆ," ಎನ್ನುತ್ತಾನೆ ಡ್ರೈವರ್. ಅಕ್ಕನಿಗೆ ನಮ್ಮಲ್ಲಿ ಅಚೆ ಎನ್ನುತ್ತೇವೆ.

"ಹಂಗಾದ್ರೆ ಈ ಕಲ್ಲು ಬಸ್ ಹತ್ಕೊಂಡು ಲೇಹ್‌ಗೆ ಬಂದಿತ್ತಾ?"

ಹಿಂದೆ ನಿಂತವರೆಲ್ಲ ಗೊಳ್ಳೆಂದು ನಗುತ್ತಾರೆ. ಮನೆಯಲ್ಲಿ ಸುಳ್ಳು ಹೇಳಿ ಬಾಡಿಗೆ ಹೊಡೆದಿದ್ದ ಡ್ರೈವರ್ ಟೋಪಿ ಸರಿಮಾಡಿಕೊಳ್ಳುತ್ತಾನೆ. ನಾನು ಎದುರಿನ ಚಹಾದ ಅಂಗಡಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದೇನೆ. ನಗು ಬರುತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ: ಕುಂಝೆಸ್‌ಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೂವತ್ತೊಂದು ವರ್ಷ ಲಾರಿ ಓಡಿಸಿದವನು ನಾನು. ತಗ್ಲಾಂಗ್ ಲಾ ಘಾಟಿಯ ತಿರುವುಗಳನ್ನು ಕಣ್ಣು ಕಟ್ಟಿದರೂ ಲೆಕ್ಕ ಹೇಳಬಲ್ಲೆ. ಲಾರಿ ಬಿಟ್ಟ ಮೇಲೆ ಈ ಪುರವಣಿಗೆ ದಾರಿ, ಗಾಡಿ, ಡ್ರೈವರುಗಳ ಬಗ್ಗೆ ಬರೆಯುತ್ತ ಬಂದಿದ್ದೇನೆ. ಆದರೆ ಟೈರು ಕೊಳ್ಳುವಾಗ ಈ ಊರಿನ ಒಬ್ಬನೇ ಒಬ್ಬ ಡ್ರೈವರ್ ನನ್ನನ್ನು ಕೇಳಿಲ್ಲ. ಎಲ್ಲರೂ ಹೋಗುವುದು ಅವಳ ಬಳಿಗೆ. ಅವಳೋ, ಹುಟ್ಟಿದಾಗಿನಿಂದ ಸ್ಟೇರಿಂಗ್ ಮುಟ್ಟಿದವಳಲ್ಲ. ಗಾಡಿ ಹತ್ತಿದರೆ ಅವಳಿಗೆ ವಾಂತಿ ಬರುತ್ತದೆ. ಲೇಹ್‌ನ ಆಸ್ಪತ್ರೆಗೆ ಹೋಗಬೇಕಾದರೂ ಪ್ಲಾಸ್ಟಿಕ್ ಚೀಲ ಹಿಡಿದು ಹೊರಡುತ್ತಾಳೆ. ಈಜು ಬಾರದವಳ ಹತ್ತಿರ ಊರೆಲ್ಲ ದೋಣಿ ಕೊಂಡರೆ ಅಂಬಿಗನಿಗೆ ಹೇಗಾಗಬೇಡ?

ಕುಂಝೆಸ್‌ಗೆ ಈಗ ಐವತ್ತೊಂದು. ಹದಿನೆಂಟಕ್ಕೆ ರಸ್ತೆ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಸುತ್ತಿಗೆ ಹಿಡಿದು ಜಲ್ಲಿ ಒಡೆದವಳು. ಎಡಗೈ ಹೆಬ್ಬೆರಳಿನ ಉಗುರು ಆಗ ಹೋದದ್ದು ಮತ್ತೆ ಬೆಳೆದಿಲ್ಲ. ಆಮೇಲೆ ಇದೇ ಅಂಗಡಿಯಲ್ಲಿ ಪಂಕ್ಚರ್ ಹಾಕುವ ಕೆಲಸಕ್ಕೆ ನಿಂತಳು. ಅಂಗಡಿಯ ಯಜಮಾನ ಊರು ಬಿಟ್ಟಾಗ ಅಂಗಡಿ ಅವಳದಾಯಿತು. ಈ ಅಂಗಡಿಗೆ ಕಾಲಿಟ್ಟು ಅವಳಿಗೆ ಈಗ ಇಪ್ಪತ್ತೆರಡು ವರ್ಷ. ಬೇಸಿಗೆಯಲ್ಲಿ ದಿನಕ್ಕೆ ಹನ್ನೆರಡು ಗಾಡಿ, ಚಳಿಗಾಲದಲ್ಲಿ ಎರಡೋ ಮೂರೋ. ಕಂಪ್ರೆಸರ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಕೈಕೆಲಸ. ಗಂಡ ತೀರಿಕೊಂಡ ವರ್ಷ ಒಂಬತ್ತು ದಿನ ಅಂಗಡಿ ಮುಚ್ಚಿದ್ದಳು. ಆ ಒಂಬತ್ತು ದಿನ ಟೈರು ಬೇಕಾದವರು ಲೇಹ್‌ಗೆ ಹೋಗದೆ ಕಾದು ಕುಳಿತರು. ನನ್ನ ಹತ್ತಿರ ಬರಲಿಲ್ಲ.

"ಕಲ್ಲು ಒಡೆದೋಳಿಗೆ ಕಲ್ಲು ಗೊತ್ತಿರುತ್ತೆ ಅಜಾಂಗ್. ಯಾವುದು ಉರುಳುತ್ತೆ, ಯಾವುದು ಕುಯ್ಯುತ್ತೆ ಅಂತ. ಅದರಲ್ಲೇನು ದೊಡ್ಡಸ್ತಿಕೆ?" ಎನ್ನುತ್ತಾಳೆ. ವಯಸ್ಸಿಗೆ ಮರ್ಯಾದೆ ಕೊಟ್ಟು ನನ್ನನ್ನು ಅಜಾಂಗ್, ಅಂದರೆ ಮಾವ, ಎಂದೇ ಕರೆಯುತ್ತಾಳೆ. ಒಮ್ಮೆಯಾದರೂ ಎದುರು ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಅವಳ ಅಂಗಡಿಯಲ್ಲಿ ಮೂರು ಬಗೆಯ ಟೈರುಗಳಿವೆ. ಟಾರು ರಸ್ತೆಯದಕ್ಕೆ ಸಣ್ಣ ಗೆರೆಗಳು, ತೆಳ್ಳಗಿನ ಪಕ್ಕೆ. ಕೆಸರಿನದಕ್ಕೆ ರಾಕ್ಷಸನ ಹಲ್ಲು, ಹುಡುಗರು ಮರುಳಾಗುವುದು ಅದಕ್ಕೇ. ಇವೆರಡರ ನಡುವೆ ಎರಡು ದಾರಿಗೂ ಒದಗುವ ಆಲ್ ಟೆರೇನ್. ಆರಿಸುವುದೇನು ಮಹಾ ಎನ್ನಬೇಡಿ. ಕೆಸರಿನ ಟೈರು ಟಾರಿನ ಮೇಲೆ ಗುಂಯ್ಗುಡುತ್ತ ಒಂದೇ ವರ್ಷಕ್ಕೆ ಸವೆಯುತ್ತದೆ, ಗಟ್ಟಿ ಮಂಜಿನ ಮೇಲೆ ಜಾರುತ್ತದೆ. ಟಾರಿನದು ಚಾಂಗ್‌ಥಾಂಗ್ ಬಯಲಿನ ಕಲ್ಲಿಗೆ ಬಿದ್ದರೆ ಪಕ್ಕೆ ಸೀಳಿಕೊಳ್ಳುತ್ತದೆ. ಆಲ್ ಟೆರೇನ್‌ಗಳಲ್ಲೂ ಹೊರೆ ಹೊರುವ ದಪ್ಪ ಪಕ್ಕೆಯದು ಬೇರೆ, ತೋರಿಕೆಯದು ಬೇರೆ.

"ಎಲ್ಲರೂ ಹಲ್ಲು ನೋಡ್ತಾರೆ, ಪಕ್ಕೆ ಯಾರೂ ನೋಡಲ್ಲ," ಎನ್ನುತ್ತ ಅವಳು ಟೈರೊಂದನ್ನು ಉರುಳಿಸಿ, ಅದರ ಪಕ್ಕೆಯಲ್ಲಿ ಒತ್ತಿರುವ ನಾಲ್ಕು ಅಂಕಿ ತೋರಿಸುತ್ತಾಳೆ. "ಇಲ್ಲಿ ನೋಡಿ, ಮೊದಲೆರಡು ಅಂಕಿ ತಯಾರಾದ ವಾರ, ಆಮೇಲಿನೆರಡು ವರ್ಷ. ನಾಲ್ಕು ವರ್ಷ ಗೋಡೌನಲ್ಲಿ ಮಲಗಿದ್ದನ್ನ ಹೊಸದು ಅಂತ ಮಾರ್ತಾರೆ. ನಮ್ಮ ಚಳಿಗೆ ಅದು ಒಣರೊಟ್ಟಿ ಥರ ಬಿರಿಯುತ್ತೆ."

ಇನ್ನು ಅವಳ ಕಟ್ಟಳೆ. ಎಲ್ಲಿಗೆ ಹೋಗುತ್ತೀಯ ಎಂದು ಕುಂಝೆಸ್ ಯಾರನ್ನೂ ಕೇಳುವುದಿಲ್ಲ. ಹಳೆಯ ಟೈರು ತಂದು ತೋರಿಸಬೇಕು. ತೊಳೆಯದೆ ತರಬೇಕು. ಹೊಸ ಟೈರು ಹಾಕಿಸಲು ನಮ್ಮವರು ಪಂಚಾಂಗ ನೋಡುವ ಓನ್ಪೋನನ್ನು ಕೇಳಿ ದಿನ ಗೊತ್ತುಮಾಡುತ್ತಾರೆ, ಒಳ್ಳೆಯ ದಿನವೆಂದು ಗಾಡಿಯನ್ನು ಹೊಳೆಯಲ್ಲಿ ತೊಳೆದು, ಬಿಳಿ ಖತಕ್ ವಸ್ತ್ರ ಕಟ್ಟಿ ತರುತ್ತಾರೆ. ಹಾಗೆ ತಂದವರನ್ನು ಅವಳು ವಾಪಸ್ ಕಳಿಸುತ್ತಾಳೆ. "ಬಾಯಿ ಸುಳ್ಳು ಹೇಳುತ್ತೆ, ರಬ್ಬರ್ ಹೇಳಲ್ಲ." ಈ ಮಾತನ್ನು ಊರಿನ ಮಕ್ಕಳೂ ಬಾಯಿಪಾಠ ಮಾಡಿಕೊಂಡಿವೆ. ನನ್ನ ಮೊಮ್ಮಗಳು ಇದನ್ನು ನನ್ನ ಮುಂದೆಯೇ ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಹೋದ ತಿಂಗಳು ನನ್ನ ಅಳಿಯ ಮುಟುಪ್ ಬಂದು, "ಅಬಾ, ನನ್ನ ಹಳೇ ಟೈರು ನಾಲ್ಕೂ ಬಿಚ್ಚಿಟ್ಟಿದ್ದೀನಿ. ಅಚೆಗೆ ತೋರಿಸಿ ಹೊಸವು ತಂದಿಡ್ತೀರಾ? ನಾನು ಮೇವು ಹೊರೆ ಕಟ್ಟಬೇಕು," ಎಂದ. ತಗ್ಲಾಂಗ್ ಲಾ ದಾಟಿ, ಟಾರು ಬಿಟ್ಟು, ಇಪ್ಪತ್ತೆಂಟು ಕಿಲೋಮೀಟರು ಕಲ್ಲುಬಯಲಲ್ಲಿ ಹೋದರೆ ಅವನ ಅಣ್ಣನ ಡೇರೆ. ಹಿಮ ಬೀಳುವ ಮುಂಚೆ ಅಲ್ಲಿನ ಇನ್ನೂರು ಮೇಕೆಗಳಿಗೆ ಮೇವು ಮುಟ್ಟಬೇಕಿತ್ತು. ನಾನಿದ್ದೇನಲ್ಲ, ಮೂವತ್ತೊಂದು ವರ್ಷದ ಡ್ರೈವರ್, ಯಾವ ಟೈರು ಹಾಕಲಿ ಎಂದು ನನ್ನನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಅಚೆಗೆ ತೋರಿಸಿ ಎಂದ.

ಹೊಟ್ಟೆಯೊಳಗೆ ಬೆಂಕಿ ಬಿತ್ತು. ಪಕ್ಕದ ಮನೆಯ ಟುಂಡುಪ್‌ನದೂ ಮುಟುಪ್‌ನದರಂಥದೇ ಪಿಕಪ್. ಅವನು ವರ್ಷವೆಲ್ಲ ಲೇಹ್‌ಗೆ ತರಕಾರಿ ಒಯ್ಯುವವನು, ಟಾರು ಬಿಟ್ಟು ಒಂದು ಗೇಣು ಇಳಿದವನಲ್ಲ. ಅವನ ಹಿತ್ತಲಲ್ಲಿ ಬಿದ್ದಿದ್ದ ನಾಲ್ಕು ಸವೆದ ಟೈರುಗಳನ್ನು ಕೇಳಿ ಪಡೆದು, ಅವನ್ನೇ ಮುಟುಪ್‌ನವೆಂದು ಕುಂಝೆಸ್‌ಳ ಮುಂದೆ ಉರುಳಿಸಿದೆ. ರಬ್ಬರ್ ಸುಳ್ಳು ಹೇಳುತ್ತದೋ ಇಲ್ಲವೋ ನೋಡೇಬಿಡೋಣ ಎಂದುಕೊಂಡೆ.

ಅವಳು ಕೈಯಾಡಿಸಿದಳು. ಪಕ್ಕೆ ಸವರಿದಳು. "ಮುಟುಪ್ ಈಗೀಗ ಟಾರಲ್ಲೇ ಓಡಾಡ್ತಾನೆ ಅನ್ಸುತ್ತೆ. ಒಳ್ಳೇದಾಯ್ತು ಬಿಡಿ, ಮಗಳಿಗೆ ನೆಮ್ಮದಿ," ಎಂದು ನಾಲ್ಕು ಟಾರಿನ ಟೈರು ಕೊಟ್ಟಳು. ನಾನು ತುಟಿ ಕಚ್ಚಿ ನಗು ತಡೆದುಕೊಂಡೆ. ಮಾರನೆಯ ಬೆಳಿಗ್ಗೆ ಆ ಟೈರುಗಳನ್ನು ಚಹಾದಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿ, ಎಲ್ಲರೆದುರು ಅವಳ ವಿದ್ಯೆಯ ಬಣ್ಣ ಬಯಲು ಮಾಡಿ, ಆಮೇಲೆ ಸರಿಯಾದವನ್ನು ತರುವುದೆಂದು ನನ್ನ ಲೆಕ್ಕ. ಆ ಖುಷಿಗೆ ಎರಡು ಬಟ್ಟಲು ಛಾಂಗ್ ಮದ್ಯ ಹೆಚ್ಚಾಯಿತು.

ಏಳುವಾಗ ಬಿಸಿಲು ಬಂದಿತ್ತು. ಅಂಗಳದಲ್ಲಿ ಟೈರುಗಳಿರಲಿಲ್ಲ.

"ಇವತ್ತು ಸೂರ್ಯ ಹುಟ್ಟೋ ಮುಂಚೆ ಹೊರಟ್ರೆ ಒಳ್ಳೇದು ಅಂತ ಓನ್ಪೋ ಹೇಳಿದ್ರಲ್ಲಪ್ಪ," ಎಂದಳು ಮಗಳು. "ಟೈರು ಹಾಕ್ಕೊಂಡು ಐದಕ್ಕೇ ಹೋದ್ರು. ಚಹಾನೂ ಕುಡೀಲಿಲ್ಲ."

ಅತ್ತ ಕಡೆ ಫೋನು ಸಿಗುವುದಿಲ್ಲ. ಹೊರೆ ತುಂಬಿದ ಗಾಡಿ, ತೆಳ್ಳಗಿನ ಪಕ್ಕೆ, ಇಪ್ಪತ್ತೆಂಟು ಕಿಲೋಮೀಟರು ಕಪ್ಪುಕಲ್ಲು, ಒಂದೇ ಸ್ಟೆಪ್ನಿ. ರಾತ್ರಿ ಅಲ್ಲಿ ನೀರಲ್ಲ, ಡೀಸೆಲ್ಲೇ ಹೆಪ್ಪುಗಟ್ಟುತ್ತದೆ. ಲೇಹ್‌ಗೆ ಹೊರಟಿದ್ದ ಟುಂಡುಪ್‌ನನ್ನು ತಡೆದು ಕರೆದುಕೊಂಡು ಕುಂಝೆಸ್‌ಳ ಅಂಗಡಿಗೆ ಓಡಿದೆ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಬೈಯಲಿಲ್ಲ ಅವಳು. "ಎಷ್ಟು ಹೊತ್ತಿಗೆ ಹೊರಟ?" ಎಂದಳು.

"ಐದಕ್ಕೆ."

"ಎಷ್ಟು ಹೊರೆ?"

"ನಲವತ್ತು ಕಟ್ಟು."

ಅಷ್ಟೇ. ದಪ್ಪ ಪಕ್ಕೆಯ ಆಲ್ ಟೆರೇನ್ ನಾಲ್ಕನ್ನು ಟುಂಡುಪ್‌ನ ಪಿಕಪ್‌ಗೆ ಎಸೆದಳು. ಜಾಕ್, ಲಿವರ್, ಕೈಪಂಪು ಹಾಕಿದಳು. ಶಟರ್ ಎಳೆದಳು. ಆಮೇಲೆ ತಾನೇ ಗಾಡಿ ಹತ್ತಿ ಕುಳಿತಳು.

"ಕುಂಝೆಸ್, ನಿನಗೆ ಆಗಲ್ಲ, ನಾನು ಹಾಕ್ತೀನಿ," ಎಂದೆ.

"ನೀವು ಹಾಕೋದನ್ನ ನೋಡಿದ್ದೀನಿ ಅಜಾಂಗ್. ನಡೀರಿ."

ಲಾಟೋ ಊರು ದಾಟುವ ಮುಂಚೆಯೇ ಅವಳಿಗೆ ಶುರುವಾಯಿತು. ಘಾಟಿಯ ಒಂದೊಂದು ತಿರುವಿಗೂ ಕಿಟಕಿಯಾಚೆ ಬಗ್ಗಿದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಯಾರಿಗೂ ಬ್ರೇಕ್ ಒತ್ತದ ಟುಂಡುಪ್ ಅವಳಿಗಾಗಿ ತಿರುವು ತಿರುವಿನಲ್ಲೂ ಮೊಟ್ಟೆ ಸಾಗಿಸುವವನ ಹಾಗೆ ಗಾಡಿ ಇಳಿಸಿದ. ಅಳಿಯನ ಜೀವದ ಚಿಂತೆಯಲ್ಲಿದ್ದ ನನಗೆ ಅದನ್ನು ಕಂಡೂ ಹೊಟ್ಟೆ ಉರಿಯಿತು ಎಂದರೆ ನೀವು ನಂಬುತ್ತೀರೋ ಇಲ್ಲವೋ. ಹುಟ್ಟುಗುಣ ಸುಟ್ಟರೂ ಹೋಗದು.

ಟಾರು ಬಿಟ್ಟ ಮೇಲೆ ಹಗುರವಾಗಿದ್ದ ನಮ್ಮ ಗಾಡಿ ಕಲ್ಲು ತಪ್ಪಿಸುತ್ತ ಮೆಲ್ಲಗೆ ಸಾಗಿತು. ಹತ್ತೊಂಬತ್ತನೆಯ ಕಿಲೋಮೀಟರಿನಲ್ಲಿ ಮುಟುಪ್ ಸಿಕ್ಕ. ಸ್ಟೆಪ್ನಿ ಆಗಲೇ ಹಾಕಿ ಮುಗಿದಿತ್ತು, ಎರಡನೆಯ ಟೈರು ಸೀಳಿ ಗಾಡಿ ಒಂದು ಕಡೆಗೆ ವಾಲಿತ್ತು. ಅವನು ಮೇವಿನ ಕಟ್ಟಿನ ಮರೆಯಲ್ಲಿ ಕುಳಿತು ಒಣಹಿಟ್ಟು ಮುಕ್ಕುತ್ತಿದ್ದ. ಗಾಳಿ ಎದ್ದಿತ್ತು, ದಕ್ಷಿಣಕ್ಕೆ ಮೋಡ ಕಟ್ಟಿತ್ತು.

ಕುಂಝೆಸ್ ಇಳಿದವಳೇ ತೂರಾಡುತ್ತ ಹೋಗಿ ಸೀಳಿದ ಟೈರಿನ ಮುಂದೆ ಕುಳಿತಳು. ಸೀಳಿನೊಳಗೆ ಬೆರಳಿಟ್ಟು ನೋಡಿದಳು. ಸುತ್ತಲಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಆಮೇಲೆ ತೋಳು ಮಡಚಿ ಕೆಲಸಕ್ಕಿಳಿದಳು. ಆ ಗಾಳಿಯಲ್ಲಿ ಎರಡೂ ಕಾಲು ಗಂಟೆ, ನಾಲ್ಕು ಟೈರು. ನಡುವೆ ಎರಡು ಸಲ ಎದ್ದು ಹೋಗಿ ವಾಂತಿ ಮಾಡಿ ಬಂದಳು. ಗಾಳಿಯನ್ನು ಮಾಮೂಲಿಗಿಂತ ಕಡಿಮೆ ತುಂಬಿ, "ಕಲ್ಲಲ್ಲಿ ಇಷ್ಟು ಸಾಕು, ಟಾರಿಗೆ ಹತ್ತಿದ ಮೇಲೆ ತುಂಬಿಸ್ಕೋ. ಮರೀಬೇಡ," ಎಂದು ಕೈಪಂಪನ್ನು ಮುಟುಪ್‌ನ ಗಾಡಿಯೊಳಗಿಟ್ಟಳು.

ಮುಟುಪ್ ಆಗ ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯಲಾರೆ. "ಹಾಕುವಾಗ್ಲೇ ನಂಗೆ ಅನುಮಾನ ಬಂದಿತ್ತು ಅಚೆ, ಪಕ್ಕೆ ತೆಳ್ಳಗಿದೆಯಲ್ಲ ಅಂತ. ಆಮೇಲೆ ಅಂದ್ಕೊಂಡೆ, ಅಚೆ ಕೊಟ್ಟಿದ್ದಾಳೆ ಅಂದ್ರೆ ನನ್ನ ಕಣ್ಣೇ ಸರಿಯಿಲ್ಲ."

ಅವಳು ನನ್ನ ಕಡೆ ನೋಡಲಿಲ್ಲ. ಲಿವರ್ ಒರೆಸುತ್ತ, "ನನ್ನ ಲೆಕ್ಕ ತಪ್ಪಿತು ತಮ್ಮಾ," ಎಂದಳು. ಟುಂಡುಪ್ ನನ್ನ ಮುಖ ನೋಡಿದ. ನಾನು ಜಾಕ್ ಎತ್ತಿಕೊಂಡು ಗಾಡಿಯ ಕಡೆ ನಡೆದೆ. ಮುಟುಪ್ ಗಾಡಿ ಹತ್ತಿ ಡೇರೆಯ ಕಡೆ ಹೊರಟ. ಮೊದಲ ಹಿಮ ಬಿದ್ದದ್ದು ಮಾರನೆಯ ಬೆಳಗಿನ ಜಾವ, ಅಷ್ಟರಲ್ಲಿ ಮೇವು ಮುಟ್ಟಿತ್ತು. ಊರಿಗೆ ಬಂದ ಮೇಲೂ ನಾನು ಅವನಿಗೆ ಏನೂ ಹೇಳಲಿಲ್ಲ. ಟುಂಡುಪ್‌ನ ಬಾಯನ್ನೂ ಅವಳೇ ಕಟ್ಟಿದ್ದಾಳೆ.

ಆಮೇಲೆ ಸಂಪಾದಕರು ಎಲೆಮರೆಯ ಕಾಯಿಯೊಂದರ ಬಗ್ಗೆ ಬರೆಯಿರಿ ಎಂದರು. ಬೇರೆ ನಾಲ್ಕು ಹೆಸರು ಕಳಿಸಿದೆ. ನಾಲ್ಕನ್ನೂ ತಳ್ಳಿಹಾಕಿ, ನಿಮ್ಮೂರಿನ ಟೈರಿನ ಹೆಂಗಸಿದ್ದಾಳಂತಲ್ಲ ಎಂದರು. ಅವರವರೆಗೂ ಅವಳ ಹೆಸರು ಹೋಗಿದೆ!

ಹಾಗಾಗಿ ಇವತ್ತು ಚಹಾದಂಗಡಿಯಿಂದ ಎದ್ದು ಅವಳೆದುರು ಕುಳಿತಿದ್ದೇನೆ. ಮೂರು ಗಾಡಿಗಳೂ ಹೋದ ಮೇಲೆ ಅವಳು ಉಪ್ಪು ಚಹಾ ಬಗ್ಗಿಸಿ, ಖಂಬೀರ್ ರೊಟ್ಟಿ ಮುರಿದು ನನಗೂ ಕೊಡುತ್ತಾಳೆ.

"ಪೇಪರಿನಲ್ಲಿ ಏನು ಬರೀಲಿ ಹೇಳು. ನಿನಗೆ ಏನು ಆಸೆ?"

ಅವಳು ರೊಟ್ಟಿಯ ಚೂರನ್ನು ಚಹಾದಲ್ಲಿ ಅದ್ದುತ್ತಾಳೆ. "ಒಂದು ಸಲ ತಪ್ಪು ಟೈರು ಕೊಟ್ಟೆ ಅಂತ ಬರೀರಿ ಅಜಾಂಗ್. ನಾನು ಟೈರು ನೋಡಿದೆ, ಎಲ್ಲಿಗೆ ಹೋಗೋ ಗಾಡಿ ಅಂತ ಕೇಳಲಿಲ್ಲ. ಮುಟುಪ್‌ಗೆ ಅನುಮಾನ ಬಂದಿತ್ತು, ನನ್ನ ಹೆಸರು ಕೇಳಿ ಸುಮ್ಮನಾದ. ಇನ್ಮೇಲೆ ಯಾರೂ ಹಂಗೆ ಹೋಗಬಾರದು. ಗಾಡಿ ಹತ್ತೋ ಮುಂಚೆ ತಾವೇ ಒಂದು ಸಲ ಬಗ್ಗಿ ನೋಡ್ಲಿ. ಅಷ್ಟೇ ನನ್ನ ಆಸೆ."

"ಟೈರು ಅದಲುಬದಲು ಮಾಡಿದವನ ಹೆಸರು?"

"ಅದು ಬೇಡ," ಎನ್ನುತ್ತಾಳೆ. "ಮನೆ ಒಳಗಿನ ಮಾತು ಪೇಪರಿಗೆ ಯಾಕೆ. ಅವರಿಗೆ ಅಳಿಯ ಮಗನ ಥರ. ಆ ತಪ್ಪು ನನ್ನ ತಲೆ ಮೇಲೇ ಇರ್ಲಿ, ನಂಗೇನು ಭಾರ ಆಗಲ್ಲ."

ಊರಿನ ನಂಬಿಕೆ ಅವಳಿಗೆ ಹೋಯಿತು, ಸಹಿಸಿಕೊಂಡೆ. ಮೊಮ್ಮಗಳ ಬಾಯಿಪಾಠ, ಸಂಪಾದಕರ ಕಿವಿ, ಟುಂಡುಪ್‌ನ ಬ್ರೇಕು, ಎಲ್ಲ ಅವಳಿಗೇ ಹೋದವು. ಈಗ ನನ್ನ ತಪ್ಪನ್ನೂ ಅವಳೇ ಹೊತ್ತು ದೊಡ್ಡವಳಾಗುತ್ತಾಳೆ. ಇದೊಂದನ್ನು ಮಾತ್ರ ನಾನು ಅವಳಿಗೆ ಬಿಟ್ಟುಕೊಡಲಾರೆ. ಮುಟುಪ್, ಭಾನುವಾರ ನೀನು ಈ ಪುರವಣಿ ಓದುತ್ತೀಯ ಎಂದು ಗೊತ್ತು. ಆ ಟೈರು ಬದಲಿಸಿದವನು ನಿನ್ನ ಮಾವ ಪುಂಚೋಕ್, ನಾನೇ.