ಎರಡು ಅಕ್ಕಿ, ಒಂದೇ ತಪ್ಪಲೆ

ನಾನು ಚಿಕ್ಕವಳಿದ್ದಾಗ ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆದರೆ ಅರ್ಧ ಮಕ್ಕಳು ಊಟಕ್ಕೆ ಮನೆಗೆ ಓಡುತ್ತಿದ್ದರು, ಉಳಿದವರು ಹಳ್ಳಕ್ಕೆ ಹೋಗಿ ಹೊಟ್ಟೆ ತುಂಬ ನೀರು ಕುಡಿದು ಬರುತ್ತಿದ್ದರು. ಹೊಸನಗರ ತಾಲ್ಲೂಕಿನಲ್ಲಿ, ನಗರ ಎಂಬ ಊರಿನ ಹಳೆಯ ಕೋಟೆಯಿಂದ ಸ್ವಲ್ಪ ದೂರ ನಡೆದರೆ ಸಿಗುವ ಗುಡ್ಡದ ಮೇಲೆ ನಮ್ಮ ಹಂಚಿನ ಶಾಲೆ. ಮನೆಗೆ ಓಡಿದವರಲ್ಲಿ ಎಷ್ಟೋ ಜನ ಮತ್ತೆ ಬರುತ್ತಿರಲಿಲ್ಲ. ದನ ಮೇಯಿಸು, ಮಗು ಎತ್ತಿಕೋ, ಸೌದೆ ತಾ ಎಂದು ಅಲ್ಲಿ ಕೆಲಸ ಕಾದಿರುತ್ತಿತ್ತು. ಹೆಣ್ಣುಮಕ್ಕಳು ಹೊಸ್ತಿಲು ದಾಟಿ ಒಳಗೆ ಹೋದರೆಂದರೆ ಅವತ್ತಿನ ಶಾಲೆ ಮುಗಿದ ಹಾಗೆಯೇ. ನನ್ನ ಅಕ್ಕ ಹೀಗೆ ಎಷ್ಟು ಮಧ್ಯಾಹ್ನ ಕಳೆದುಕೊಂಡಳೋ! ಅವಳು ಏಳನೇ ಕ್ಲಾಸು, ನಾನು ಎರಡನೇ ಕ್ಲಾಸು. ಅವಳಿಗೆ ಓದಿನ ಹುಚ್ಚು ಎಷ್ಟಿತ್ತೆಂದರೆ ಅಂಗಡಿಯಿಂದ ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ, ತೀಡಿ, ಪೂರ್ತಿ ಓದಿದ ಮೇಲೆಯೇ ಒಲೆಗೆ ಹಾಕುತ್ತಿದ್ದಳು.

ಆಗ ನಮ್ಮ ಶಾಲೆಗೆ ಅಕ್ಕೋರು ಬಂದರು. ನೀವು ಮಿಸ್ ಎನ್ನುತ್ತೀರಲ್ಲ ಮಕ್ಕಳೇ, ನಮ್ಮ ಕಡೆ ಅವರಿಗೆ ಅಕ್ಕೋರು ಎನ್ನುತ್ತಿದ್ದರು. ಇವರು ತೀರ್ಥಹಳ್ಳಿಯ ಆಚೆ ಅರಳಸುರಳಿ ಕಡೆಯವರು. ಕುಳ್ಳಗಿದ್ದರು, ಬಿರುಸಾಗಿ ನಡೆಯುತ್ತಿದ್ದರು, ಬಿಸಿಲಿರಲಿ ಬಿಡಲಿ ಕೈಯಲ್ಲೊಂದು ಕೊಡೆ ಇರುತ್ತಿತ್ತು. ಬೆತ್ತ ಹಿಡಿದವರಲ್ಲ. ಹಾಗೆಂದು ಸಿಟ್ಟಿಗೇನೂ ಕಡಿಮೆ ಇರಲಿಲ್ಲ. ಆದರೆ ಆ ಸಿಟ್ಟು ಮಕ್ಕಳ ಮೇಲಲ್ಲ, ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳುವ ದೊಡ್ಡವರ ಮೇಲೆ. ಯಾರಾದರೂ ಎರಡು ದಿನ ಬರಲಿಲ್ಲವೆಂದರೆ ಸಂಜೆಯೇ ಅವರ ಮನೆ ಜಗುಲಿಯಲ್ಲಿ ಅಕ್ಕೋರ ಕೊಡೆ ಕಾಣುತ್ತಿತ್ತು.

ಒಂದು ಭಾನುವಾರ ಅವರು ಊರಿನ ಎಲ್ಲ ಮನೆಗೂ ಹೋದರು. ಗದ್ದೆ ಕೆಲಸದ ನಮ್ಮ ಕೇರಿಗೂ ಬಂದರು, ತೋಟದ ಒಡೆಯರಾದ ದೊಡ್ಡಮನೆಗೂ ಹೋದರು. ಎಲ್ಲ ಕಡೆ ಒಂದೇ ಮಾತು. “ದಿನಾ ಅನ್ನಕ್ಕೆ ಅಕ್ಕಿ ಹಾಕ್ತೀರಲ್ಲ, ಆಗ ಒಂದು ಮುಷ್ಟಿ ತೆಗ್ದು ಬೇರೆ ಇಡಿ. ಒಂದು ವಾರದ್ದು ಸೇರಿಸಿ ಸೋಮವಾರ ಸೋಮವಾರ ಮಕ್ಕಳ ಕೈಲಿ ಕಳ್ಸಿ. ಮಧ್ಯಾಹ್ನ ಗಂಜಿ ಬೇಯ್ಸೋದು ನನ್ನ ಕೆಲಸ.” ಒಂದು ಮುಷ್ಟಿ ಅಕ್ಕಿಗೆ ಇಲ್ಲವೆಂದವರು ಯಾರೂ ಇರಲಿಲ್ಲ. ನಮ್ಮ ಮನೆಯಲ್ಲಿ ಅಕ್ಕನೇ ಆ ಮುಷ್ಟಿ ತೆಗೆದಿಡುತ್ತಿದ್ದಳು. ಅವಳ ಕೈ ಚಿಕ್ಕದೆಂದು ಒಮ್ಮೊಮ್ಮೆ ಎರಡು ಸಲ ತೆಗೆಯುತ್ತಿದ್ದಳು.

ತಕರಾರು ಶುರುವಾದದ್ದು ತಪ್ಪಲೆಯ ವಿಷಯಕ್ಕೆ. ಆಗ ನಮ್ಮ ಕೇರಿಯವರು ದೊಡ್ಡಮನೆಗೆ ಕೆಲಸಕ್ಕೆ ಹೋದರೆ ಊಟ ಅಂಗಳದ ಆಚೆ. ಉಂಡ ಎಲೆ ಎತ್ತಿ, ಆ ಜಾಗಕ್ಕೆ ನಾವೇ ಸೆಗಣಿ ಸಾರಿಸಿ ಬರಬೇಕಿತ್ತು. ಇದು ನಿಮಗೆ ವಿಚಿತ್ರ ಎನಿಸಬಹುದು. ನಮಗೆ ಆಗ ಏನೂ ಎನಿಸುತ್ತಿರಲಿಲ್ಲ, ಅದನ್ನು ನೆನೆದರೆ ನನಗೆ ಈಗ ಹೆದರಿಕೆಯಾಗುತ್ತದೆ. ಶಾಲೆಗೆ ಜಾಗ ಕೊಟ್ಟವರು ದೊಡ್ಡಮನೆಯ ಯಜಮಾನರು. ಅವರನ್ನು ಎಲ್ಲರೂ ಅಯ್ಯ ಎಂದೇ ಕರೆಯುತ್ತಿದ್ದರು. ಕೆಟ್ಟವರಲ್ಲ, ಕಾಯಿಲೆ ಕಸಾಲೆ ಎಂದರೆ ತಮ್ಮ ಗಾಡಿ ಕಟ್ಟಿಸಿ ಕಳಿಸುತ್ತಿದ್ದರು. ಆದರೆ ಆ ಶನಿವಾರ ಶಾಲೆಗೆ ಬಂದು, “ಮಕ್ಕಳಿಗೆ ಗಂಜಿ ಹಾಕೋದು ಒಳ್ಳೇದೇ ಅಕ್ಕೋರೆ. ಎರಡು ತಪ್ಪಲೆ ಇಡಿ. ಇಲ್ದಿದ್ರೆ ನಮ್ಮನೆ ಕಡೆ ಮಕ್ಕಳು ಬರೋದಿಲ್ಲ. ಸೋಮವಾರ ನಾನೇ ಬಂದು ನೋಡ್ತೀನಿ” ಎಂದು ಹೇಳಿ ಹೋದರು. ಅಕ್ಕೋರು ಸೀಮೆಸುಣ್ಣ ತೆಗೆದುಕೊಂಡು ಬಿಟ್ಟಲ್ಲಿಂದ ಪಾಠ ಮುಂದುವರಿಸಿದರು.

ಸುದ್ದಿ ಸಂಜೆಯೊಳಗೆ ನಮ್ಮ ಕೇರಿಗೆ ಬಂತು. ಅಪ್ಪ ಕತ್ತಿ ಮಸೆಯುತ್ತಾ ಕೂತಿದ್ದ. ಕೇಳಿದವನೇ ಕತ್ತಿ ಕೆಳಗಿಟ್ಟ. “ನಮ್ಮ ಅಕ್ಕಿ ಬ್ಯಾರೆ ತಪ್ಪಲೇಲಿ ಬೇಯೋದಾದ್ರೆ ನಮ್ಮ ಮಕ್ಕಳೂ ಬ್ಯಾಡ ಆ ಶಾಲೆಗೆ. ಸೋಮವಾರ ನಾನೂ ಬರ್ತೀನಿ. ಎರಡು ತಪ್ಪಲೆ ಕಂಡ್ರೆ ಇಬ್ರನ್ನೂ ಕರ್ಕಂಡು ಬರ್ತೀನಿ, ಅಷ್ಟೇಯ.” ಅಂಗಳದಾಚೆ ಕೂತು ಉಂಡು ಉಂಡು ಅವನಿಗೆ ಸಾಕಾಗಿತ್ತು. ಮಕ್ಕಳಾದರೂ ಹಾಗೆ ಕೂರಬಾರದು ಎಂಬುದು ಅವನ ಆಸೆ. ಆ ಆಸೆಗೆ ಅಡ್ಡ ಸಿಕ್ಕಿದ್ದು ಮಾತ್ರ ಅಕ್ಕನ ಓದು. ಅಕ್ಕ ಅವತ್ತು ಊಟ ಮಾಡಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಾನು ಅವಳ ಬೆನ್ನಿಗೆ ಒತ್ತಿಕೊಂಡು ಮಲಗಿದೆ.

ಸೋಮವಾರ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಮುಂದೆ ಹೋಗುತ್ತಿದ್ದ ಅಕ್ಕನ ಜಡೆಯೇ ಕಾಣುತ್ತಿರಲಿಲ್ಲ. ಅಕ್ಕಿಯ ಚೀಲವನ್ನು ನಾನು ಎದೆಗೆ ಅವಚಿಕೊಂಡಿದ್ದೆ. ನಮ್ಮದು ಕುಚ್ಚಲಕ್ಕಿ. ಭತ್ತವನ್ನು ಮೊದಲೇ ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿದ್ದು. ಕೆಂಪಗೆ, ದಪ್ಪಗೆ ಇರುತ್ತದೆ. ಅದರ ವಾಸನೆ ಬಟ್ಟೆಯ ಒಳಗಿನಿಂದಲೂ ಬರುತ್ತಿತ್ತು. ದೊಡ್ಡಮನೆ ಕಡೆಯವರದು ಮಲ್ಲಿಗೆಯಂಥ ಬಿಳಿ ಅಕ್ಕಿ. ಅಯ್ಯನ ಮೊಮ್ಮಗಳು ನನ್ನದೇ ಕ್ಲಾಸು, ಅವಳು ಹಿತ್ತಾಳೆ ಚೊಂಬಿನಲ್ಲಿ ತಂದಿದ್ದಳು.

ಅಕ್ಕೋರು ಜಗುಲಿಯಲ್ಲಿ ಚಾಪೆ ಹಾಸಿ, “ಇವತ್ತಿನ ಗಂಜಿಗೆ ಒಂದೊಂದು ಮುಷ್ಟಿ ಸುರೀರಿ, ಉಳಿದದ್ದು ಹಾಗೇ ಇರ್ಲಿ” ಎಂದರು. ಒಬ್ಬೊಬ್ಬರೇ ಸುರಿದೆವು. ಕೆಂಪು ಒಂದು ಗುಡ್ಡೆ, ಬಿಳಿ ಒಂದು ಗುಡ್ಡೆ ಆಯಿತು. ಅಕ್ಕೋರು ಸೆರಗು ಸಿಕ್ಕಿಸಿ, ಮಂಡಿಯೂರಿ ಕೂತು, ಎರಡೂ ಕೈಯಿಂದ ಎರಡು ಗುಡ್ಡೆಯನ್ನೂ ಕಲೆಸಿಬಿಟ್ಟರು. ಅಕ್ಕಿ ಚಾಪೆಯ ಮೇಲೆ ಸರಸರ ಸದ್ದು ಮಾಡಿತು. ಇನ್ನು ಯಾರ ಅಕ್ಕಿ ಯಾರದು ಎಂದು ಬೇರೆ ಮಾಡಬೇಕಾದರೆ ಒಂದೊಂದೇ ಕಾಳು ಆರಿಸಬೇಕಿತ್ತು. ಅಕ್ಕನ ಮುಖದಲ್ಲಿ ಎರಡು ದಿನದ ಮೇಲೆ ನಗು ಕಂಡೆ. ಅವಳೇ ಓಡಿ ಹೋಗಿ ಶಾಲೆಯ ಹಿಂದೆ ಮೂರು ಕಲ್ಲು ಹೂಡಿ, ಒಲೆ ಹಚ್ಚಿದಳು.

ಅಲ್ಲೇ ಎಡವಟ್ಟಾಯಿತು. ಬಿಳಿ ಅಕ್ಕಿ ಬೇಗ ಬೇಯುತ್ತದೆ. ಕುಚ್ಚಲಕ್ಕಿಗೆ ಅದರ ಎರಡು ಮೂರು ಪಟ್ಟು ಹೊತ್ತು ಬೇಕು. ಇದು ಅಕ್ಕೋರಿಗೂ ಹೊಳೆಯಲಿಲ್ಲ, ಅಕ್ಕನಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಆ ಎರಡು ಅಕ್ಕಿಯನ್ನು ಒಂದೇ ತಪ್ಪಲೆಗೆ ಹಾಕಿದವರು ನಮ್ಮ ಸೀಮೆಯಲ್ಲಿ ಅದುವರೆಗೆ ಯಾರೂ ಇರಲಿಲ್ಲವೇನೋ. ಮಧ್ಯಾಹ್ನ ಮುಚ್ಚಳ ತೆಗೆದರೆ ಬಿಳಿ ಅಕ್ಕಿ ಕರಗಿ ಅಂಟಾಗಿತ್ತು, ಅದರೊಳಗೆ ಕೆಂಪು ಕಾಳು ಕಲ್ಲಿನ ಹಾಗೆ ಕೂತಿತ್ತು. ತಳ ಬೇರೆ ಹಿಡಿದು ಸೀದ ವಾಸನೆ. ಅಕ್ಕ ಸೌಟು ಹಿಡಿದು ಅಳುವುದೊಂದು ಬಾಕಿ.

ಸರಿಯಾಗಿ ಆಗಲೇ ಅಯ್ಯ ಬಂದರು. ಹಿಂದೆಯೇ ನಾಲ್ಕಾರು ಹಿರಿಯರು. ಬೇಲಿಯಾಚೆ ಅಪ್ಪ ಬಂದು ನಿಂತದ್ದೂ ನನಗೆ ಕಂಡಿತು. ಅಯ್ಯ ತಪ್ಪಲೆಯೊಳಗೆ ಬಗ್ಗಿ ನೋಡಿ ನಕ್ಕೇಬಿಟ್ಟರು.

“ನೋಡಿದ್ರ ಅಕ್ಕೋರೆ? ನಾನೆಂತ ಹೇಳೋದು, ಅಕ್ಕಿನೇ ಹೇಳ್ತಿದೆ. ಒಟ್ಟಿಗೆ ಬೇಯೋದಲ್ಲ ಅದು. ನಾಳೆಯಿಂದ ಎರಡು ತಪ್ಪಲೆ ಇಡಿ.”

ಹಿರಿಯರೂ ತಲೆಯಾಡಿಸಿದರು. ಅಕ್ಕೋರು ಒಂದು ಕಾಳು ತೆಗೆದು ಬೆರಳಲ್ಲಿ ಹಿಸುಕಿದರು. ಅದು ನುರಿಯಲಿಲ್ಲ.

“ಅಕ್ಕಿ ಎಂತ ಮಾಡ್ತು ಅಯ್ಯ? ತಪ್ಪು ನಂದು. ಎರಡನ್ನೂ ಒಂದೇ ಸಲ ಹಾಕಿದೆ. ಯಾವುದಕ್ಕೆ ಬೇಯಕ್ಕೆ ಹೆಚ್ಚು ಹೊತ್ತು ಬೇಕೋ, ಅದನ್ನ ಮೊದಲು ಒಲೆಗೆ ಹಾಕ್ಬೇಕಿತ್ತು. ನಾಳೆ ಹಾಗೇ ಮಾಡ್ತೀನಿ. ತಪ್ಪಲೆ ಮಾತ್ರ ಒಂದೇ.”

ಹಾಗೆಂದವರೇ ಜಗುಲಿಯಲ್ಲಿ ನಮ್ಮ ಸಾಲಿನಲ್ಲಿ ಕೂತು, ಎಲೆಗೆ ಆ ಅರೆಬೆಂದ ಗಂಜಿ ಬಡಿಸಿಕೊಂಡು ಉಣ್ಣತೊಡಗಿದರು. ಕಟಕಟ ಸದ್ದು ನಮಗೆಲ್ಲ ಕೇಳುತ್ತಿತ್ತು. ಯಾವ ಮಗುವೂ ಎಲೆಗೆ ಕೈ ಹಾಕಲಿಲ್ಲ. ನಾನು ಬೇಲಿ ಕಡೆ ನೋಡುತ್ತಿದ್ದೆ, ಕೆಲವರು ಅಯ್ಯನ ಕಡೆ ನೋಡುತ್ತಿದ್ದರು. ಆಗ ಅಯ್ಯನ ಮೊಮ್ಮಗಳು ಎದ್ದು ಬಂದು ಅಕ್ಕೋರ ಪಕ್ಕದಲ್ಲಿ ಕೂತು, “ಎಂಗೂ ಬೇಕು” ಎಂದು ತನ್ನ ಎಲೆ ಮುಂದಿಟ್ಟಳು. ಅಯ್ಯ ಅವಳ ಹೆಸರು ಹಿಡಿದು ಗದರಿದರು. ಅಷ್ಟರಲ್ಲಿ ಬಾಯಿಗೆ ಹಾಕಿಕೊಂಡಾಗಿತ್ತು. ಅಗಿದು, ಕಣ್ಣರಳಿಸಿ, “ಎಂತೂ ಆಗ್ತಿಲ್ಲೆ ಅಜ್ಜ!” ಎಂದಳು. ಮಕ್ಕಳೆಲ್ಲ ಘೊಳ್ಳೆಂದು ನಕ್ಕರು. ಆಮೇಲೆ ಶುರುವಾಯಿತು ನೋಡಿ ಕಟಕಟ ಸದ್ದು! ಉಪ್ಪಿನಕಾಯಿ ಮಿಡಿ ಕಚ್ಚುತ್ತಾ, ಒಬ್ಬರ ಹಲ್ಲಿನ ಸದ್ದಿಗೆ ಒಬ್ಬರು ನಗುತ್ತಾ ಆ ಕೆಟ್ಟ ಗಂಜಿಯನ್ನು ತಳದ ತನಕ ಉಂಡೆವು. ಅಯ್ಯ ಮೊಮ್ಮಗಳ ಕೈ ಹಿಡಿದು ಗುಡ್ಡ ಇಳಿದರು.

ಅಪ್ಪ ಬೇಲಿ ದಾಟಿ ಒಳಗೆ ಬಂದ. ಅಕ್ಕ ತಪ್ಪಲೆ ತಿಕ್ಕುತ್ತಿದ್ದವಳು ಎದ್ದು ನಿಂತಳು, ಕೈಯೆಲ್ಲ ಮಸಿ. ಅವನು ಶಾಲೆಯ ಹಿಂದೆ ಹೋಗಿ ಒಲೆ ನೋಡಿದ, ಒಂದೇ ಇತ್ತು. ಬೇರೆ ಯಾವುದಾದರೂ ತಪ್ಪಲೆ ಇದೆಯೋ ಎಂದು ಸುತ್ತ ನೋಡಿದ. ಅಕ್ಕೋರು ಅವನನ್ನು ಕಂಡು, “ನಿಮ್ಮನೆ ಅಕ್ಕಿನೇ ಸರೀ ಬೇಯ್ಲಿಲ್ಲ ಕಾಣಿ” ಎಂದು ಛೇಡಿಸಿದರು. ಅಪ್ಪ ನಕ್ಕ. ಆಮೇಲೆ ಅಕ್ಕನ ಕಡೆ ತಿರುಗಿ, “ನಾಳೆ ಬೆಳಿಗ್ಗೆ ಬೇಗ ಹೊರಡು. ನಮ್ಮ ಅಕ್ಕಿಗೆ ಹೊತ್ತು ಬೇಕಲ್ಲ” ಎಂದ. ಅಕ್ಕ ಜೋರಾಗಿ ಅತ್ತುಬಿಟ್ಟಳು. ನನಗೂ ಅಳು ಬಂತು, ಯಾಕೆಂದು ಆಗ ತಿಳಿಯಲಿಲ್ಲ.

ಮಾರನೆಯ ದಿನದಿಂದ ಶಾಲೆಯ ಗಂಟೆಯೇ ಬದಲಾಯಿತು. ಪ್ರಾರ್ಥನೆಗೂ ಮೊದಲು ಕುಚ್ಚಲಕ್ಕಿ ಒಲೆಗೆ. ಲೆಕ್ಕದ ಪಾಠ ಮುಗಿದ ಮೇಲೆ ಅದೇ ತಪ್ಪಲೆಗೆ ಬಿಳಿ ಅಕ್ಕಿ. ಗಂಜಿ ಹದವಾಗಿ ಬರುತ್ತಿತ್ತು, ನಮ್ಮ ಮನೆಯ ರುಚಿಯೂ ಅಲ್ಲ, ದೊಡ್ಡಮನೆಯ ರುಚಿಯೂ ಅಲ್ಲ. ಒಲೆ ಹಚ್ಚಲು ಬೇಗ ಬಂದ ನಮ್ಮಂಥವರನ್ನು ಅಕ್ಕೋರು ಸುಮ್ಮನೆ ಕೂರಿಸಲಿಲ್ಲ. ಮನೆಯಲ್ಲಿ ಹೇಳಿಕೊಡುವವರು ಇಲ್ಲದ ಮಕ್ಕಳಿಗೆ ಆ ಹೊತ್ತಿನಲ್ಲಿ, ಗಂಜಿ ಕುದಿಯುವ ಸದ್ದಿನ ಪಕ್ಕದಲ್ಲೇ, ಓದು ಬರಹ ಹೇಳಿಕೊಟ್ಟರು. ನಾನು ಕಾಗುಣಿತ ಕಲಿತದ್ದು ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಾ. ದೊಡ್ಡಮನೆ ಕಡೆಯ ಮಕ್ಕಳು ಕೆಲವು ದಿನ ಬರಲಿಲ್ಲ. ಆಮೇಲೆ ಮೊಮ್ಮಗಳ ಹಟಕ್ಕೋ ಏನೋ, ಒಬ್ಬೊಬ್ಬರಾಗಿ ಬಂದರು. ಅಯ್ಯ ಕೊನೆಯವರೆಗೂ ನಮ್ಮ ಜೊತೆ ಕೂತು ಉಣ್ಣಲಿಲ್ಲ. ಆದರೆ ಅವರ ಮನೆಯ ಮುಷ್ಟಿ ಅಕ್ಕಿ ಒಂದು ವಾರವೂ ತಪ್ಪಲಿಲ್ಲ.

ಅಕ್ಕ ನಮ್ಮ ಕೇರಿಯಿಂದ ಸಾಗರದ ಕಾಲೇಜಿಗೆ ಹೋದ ಮೊದಲ ಹುಡುಗಿ. ಮುಂದೆ ಅವಳೂ ಅಕ್ಕೋರೇ ಆದಳು. ಅಣೆಕಟ್ಟಿನ ಹಿನ್ನೀರಿನ ಆಚೆ ಬ್ಯಾಕೋಡು ಕಡೆಯ ಶಾಲೆಗೆ ಲಾಂಚಿನಲ್ಲಿ ನದಿ ದಾಟಿ ಹೋಗುತ್ತಿದ್ದಳು. ನಮ್ಮ ಅಕ್ಕೋರು ನಿವೃತ್ತರಾದ ಮೇಲೂ, ಯಾರ ಮನೆಯ ಮಗು ಶಾಲೆ ಬಿಟ್ಟಿತೆಂದು ಕೇಳಿದರೂ ಕೊಡೆ ಹಿಡಿದು ಹೊರಟುಬಿಡುತ್ತಿದ್ದರು. ಅವರು ತೀರಿಕೊಂಡ ದಿನ ನಾನು ತೀರ್ಥಹಳ್ಳಿಗೆ ಹೋಗಿದ್ದೆ. ದೊಡ್ಡಮನೆಯ ಆ ಹುಡುಗಿಯೂ ಬಂದಿದ್ದಳು, ಅವಳಿಗೂ ತಲೆ ಪೂರ್ತಿ ಬೆಳ್ಳಗಾಗಿತ್ತು. ಇಬ್ಬರೂ ಕೈ ಹಿಡಿದು ಕೂತೆವು.

ಈಗ ನಿಮ್ಮ ಶಾಲೆ ನೋಡುತ್ತೇನೆ. ಬಾಗಿಲಿಗೆ ವ್ಯಾನು ಬರುತ್ತದೆ. ಊಟಕ್ಕೆ ಅಂಗಳದಾಚೆ ಕೂರು ಎಂದು ನಿಮಗೆ ಹೇಳುವ ಧೈರ್ಯ ಯಾರಿಗೂ ಇಲ್ಲ, ಅದಕ್ಕೆ ನನಗೆ ತುಂಬ ಸಂತೋಷ. ಒಬ್ಬೊಬ್ಬರಿಗೂ ಒಂದು ಡಬ್ಬಿ, ಮುಚ್ಚಳದ ಮೇಲೆ ಹೆಸರು, ಒಳಗೆ ಬೇಕೆಂದದ್ದೇ ಇರುತ್ತದೆ. ನಿನ್ನೆ ನಿಮ್ಮಿಬ್ಬರನ್ನೂ ಕೇಳಿದೆ, ನಿಮ್ಮ ಪಕ್ಕದಲ್ಲಿ ಕೂರುವವರ ಮನೆಯಲ್ಲಿ ಏನು ಅಡುಗೆ ಮಾಡುತ್ತಾರೆ ಅಂತ. ಒಬ್ಬ ಗೊತ್ತಿಲ್ಲ ಎಂದ. ಇನ್ನೊಬ್ಬಳು, “ಯಾರ ಡಬ್ಬಿಗೂ ಕೈ ಹಾಕಬಾರದು ಅಂತ ಮಿಸ್ ಹೇಳಿದ್ದಾರೆ ಅಜ್ಜಿ” ಎಂದಳು. ಮಿಸ್ ಹೇಳಿದ್ದು ಆರೋಗ್ಯಕ್ಕೆ ಒಳ್ಳೆಯದೇ ಇರಬಹುದು. ಆದರೂ ನನಗೆ ರಾತ್ರಿ ಊಟ ಸೇರಲಿಲ್ಲ. ನಮ್ಮನ್ನು ದೂರ ಕೂರಿಸಲು ಊರಿನ ಹಿರಿಯರೇ ಗುಡ್ಡ ಹತ್ತಿ ಬರಬೇಕಾಗಿತ್ತು. ನೀವು ಯಾರೂ ಹೇಳದೆಯೇ ಒಬ್ಬೊಬ್ಬರಾಗಿ ಕೂತಿದ್ದೀರಲ್ಲ ಮಕ್ಕಳೇ! ಡಬ್ಬಿಗೆ ಕೈ ಹಾಕಬೇಡಿ, ಬೇಡ. ನಾಳೆ ಶಾಲೆಯಿಂದ ಬರುವಾಗ ನಿಮ್ಮ ಪಕ್ಕದಲ್ಲಿ ಕೂರುವ ಅವರಿಬ್ಬರನ್ನೂ ಮನೆಗೆ ಕರೆದುಕೊಂಡು ಬನ್ನಿ. ನಾನು ಅನ್ನಕ್ಕೆ ಇಟ್ಟಿರುತ್ತೇನೆ.